ಜೀವಶಾಸ್ತ್ರಕ್ಕೆ 262, ಭೌತಶಾಸ್ತ್ರಕ್ಕೆ 22: ದಂತವೈದ್ಯಕೀಯ ಸೀಟಿನ ಲೆಕ್ಕಾಚಾರ

2025ರ ಜೂನ್ 14ರ ಶನಿವಾರ ನೀಟ್ ಫಲಿತಾಂಶ ಪ್ರಕಟವಾಯಿತು. ಮರುದಿನ ಭಾನುವಾರ ಎರಡನೇ ಬಲಿಪೂಜೆ ಮುಗಿಸಿ ನಾವು ಹೊರಗೆ ಬರುವಾಗ ತಾಯಿಯೊಬ್ಬರು ನೋಟುಪುಸ್ತಕದಿಂದ ಹರಿದ ಹಾಳೆಯೊಂದನ್ನು ಹಿಡಿದುಕೊಂಡು ಕಾಯುತ್ತಿದ್ದರು. ಮಗ ಸ್ವಲ್ಪ ದೂರದಲ್ಲಿ ಗ್ರೊಟ್ಟೋ ಬಳಿ ನೆಲ ನೋಡುತ್ತಾ ನಿಂತಿದ್ದ. ಹಾಳೆಯಲ್ಲಿ ಅವನೇ ಬರೆದ ಲೆಕ್ಕ: ಜೀವಶಾಸ್ತ್ರ 262, ರಸಾಯನಶಾಸ್ತ್ರ 84, ಭೌತಶಾಸ್ತ್ರ 22, ಒಟ್ಟು 368. ನೀಟ್‌ನ ಅಂಕಪಟ್ಟಿಯಲ್ಲಿ ವಿಷಯವಾರು ಪರ್ಸೆಂಟೈಲ್ ಮತ್ತು ಒಟ್ಟು ಅಂಕ ಇರುತ್ತದೆಯೇ ಹೊರತು ವಿಷಯವಾರು ಅಂಕ ಇರುವುದಿಲ್ಲ. ಆದುದರಿಂದ ಹುಡುಗ ಕೀ ಉತ್ತರವನ್ನು ತನ್ನ ಓ.ಎಂ.ಆರ್. ಹಾಳೆಯ ಜತೆ ತಾಳೆ ನೋಡಿ ಕೂಡಿಸಿ ಕಳೆದು ಬರೆದಿದ್ದ.

"ಫಾದರ್, ಇವನಿಗೆ ಡೆಂಟಲ್ ಸಿಗಬಹುದಾ? ಫಿಸಿಕ್ಸ್ ಇಷ್ಟು ಕಡಿಮೆ ಇದ್ದರೆ ಅರ್ಜಿಯನ್ನೇ ಬದಿಗೆ ಹಾಕ್ತಾರಂತೆ. ನೀವೊಂದು ಲೆಟರ್ ಕೊಟ್ಟರೆ ಏನಾದರೂ ಆದೀತಾ?"

ಈ ಮೂರೂ ಮಾತು ನಮಗೆ ಹೊಸತಲ್ಲ. ಪ್ರತಿ ವರ್ಷ ಜೂನ್ ತಿಂಗಳಲ್ಲಿ ನಮ್ಮ ಧರ್ಮಕೇಂದ್ರಗಳ ಅಂಗಳದಲ್ಲಿ, ವಾಳೆಯ ಕೂಟಗಳಲ್ಲಿ, ಮದುವೆಯ ಊಟದ ಸಾಲಿನಲ್ಲಿ ಇವೇ ಕೇಳಿಬರುತ್ತವೆ. ಉತ್ತರ ಹೇಳುವವರಿಗೂ ಕೊರತೆಯಿಲ್ಲ. ಒಬ್ಬರು ತಮ್ಮ ತಂಗಿಯ ಮಗಳಿಗೆ ಇದಕ್ಕಿಂತ ಕಡಿಮೆ ಅಂಕಕ್ಕೆ ಸಿಕ್ಕಿದೆ ಎನ್ನುತ್ತಾರೆ, ಇನ್ನೊಬ್ಬರು ಇಷ್ಟು ಅಂಕಕ್ಕೆ ಆಸೆಯೇ ಬೇಡ ಎನ್ನುತ್ತಾರೆ. ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಬೇರೆ ಬೇರೆ ವರ್ಷದ ಅಂಕಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುತ್ತಿದ್ದಾರೆ, ಅಷ್ಟೇ. ಇದರ ನಡುವೆ ಮನೆಯವರು ಗಾಬರಿಯಿಂದ ಮಾಡುವ ಒಂದು ತೀರ್ಮಾನಕ್ಕೆ ಹತ್ತಿಪ್ಪತ್ತು ಲಕ್ಷ ರೂಪಾಯಿಯ ಸಾಲ ಅಂಟಿಕೊಳ್ಳುವುದುಂಟು. ಆದುದರಿಂದ ಈ ಲೆಕ್ಕವನ್ನು ಸ್ವಲ್ಪ ಸಾವಧಾನದಿಂದ ನೋಡುವುದು ಒಳಿತೆಂದು ನಮಗೆ ತೋರಿತು.

ಮೊದಲು ಆ ತಾಯಿಯ ದೊಡ್ಡ ಭಯದ ಬಗ್ಗೆ. ನೀಟ್‌ನಲ್ಲಿ ಒಟ್ಟು 720 ಅಂಕ: ಜೀವಶಾಸ್ತ್ರಕ್ಕೆ 360, ಉಳಿದೆರಡಕ್ಕೆ ತಲಾ 180. ಸರಿ ಉತ್ತರಕ್ಕೆ ನಾಲ್ಕು, ತಪ್ಪಿಗೆ ಒಂದು ಕಳೆತ. ಇದರಲ್ಲಿ ವಿಷಯವಾರು ಕನಿಷ್ಠ ಅಂಕ ಎಂಬುದೊಂದಿಲ್ಲ. ಭೌತಶಾಸ್ತ್ರದಲ್ಲಿ 22 ಬಂದರೂ, ಸೊನ್ನೆಗಿಂತ ಕೆಳಗೆ ಹೋದರೂ, ಒಟ್ಟು ಅಂಕವು ಅರ್ಹತೆಯ ಗೆರೆಯ ಮೇಲಿದ್ದರೆ ವಿದ್ಯಾರ್ಥಿ ಅರ್ಹನೇ. ಸೀಟು ಹಂಚುವ ಕಂಪ್ಯೂಟರಿಗೆ ಕಾಣುವುದು ರ‍್ಯಾಂಕ್ ಮಾತ್ರ. ಭೌತಶಾಸ್ತ್ರ ನೋಡಿ ಅರ್ಜಿಯನ್ನು ಬದಿಗಿಡುವ ಅಧಿಕಾರಿ ಯಾರೂ ಅಲ್ಲಿ ಕುಳಿತಿಲ್ಲ.

ಅಷ್ಟೇ ಅಲ್ಲ. ಏರುಪೇರಾದ ಅಂಕ ಕೆಲವೊಮ್ಮೆ ಉಪಕಾರವನ್ನೂ ಮಾಡುತ್ತದೆ. ಇಬ್ಬರು ವಿದ್ಯಾರ್ಥಿಗಳಿಗೆ ಒಟ್ಟು ಅಂಕ ಸಮವಾದಾಗ ಯಾರು ಮೇಲೆ ಎಂಬುದಕ್ಕೆ 2025ರ ನಿಯಮ ಹೀಗಿತ್ತು: ಮೊದಲು ಜೀವಶಾಸ್ತ್ರದ ಅಂಕ, ಅದೂ ಸಮವಾದರೆ ರಸಾಯನಶಾಸ್ತ್ರ, ಆಮೇಲೆ ಭೌತಶಾಸ್ತ್ರ, ಅದಕ್ಕೂ ಮುಂದೆ ತಪ್ಪು ಉತ್ತರಗಳ ಪ್ರಮಾಣ. ಈ ಹುಡುಗನ ಪಕ್ಕದಲ್ಲಿ ಜೀವಶಾಸ್ತ್ರ 188, ರಸಾಯನಶಾಸ್ತ್ರ 96, ಭೌತಶಾಸ್ತ್ರ 84 ಪಡೆದ ಇನ್ನೊಬ್ಬನನ್ನು ನಿಲ್ಲಿಸಿ ನೋಡಿ. ಅವನದ್ದೂ 368. ನೋಡುವವರಿಗೆ ಎರಡನೆಯವನ ಅಂಕಗಳೇ ಹದವಾಗಿ ಕಾಣುತ್ತವೆ. ಆದರೆ ಪಟ್ಟಿಯಲ್ಲಿ ಮೇಲೆ ಬರುವವನು ನಮ್ಮ ಹುಡುಗ, 262 ಜೀವಶಾಸ್ತ್ರದ ಬಲದಿಂದ.

ಒಂದೇ ಅಂಕಕ್ಕೆ ಎಷ್ಟು ಮಂದಿ ಸಾಲು ನಿಲ್ಲುತ್ತಾರೆ ಎಂಬುದನ್ನು ತಿಳಿದರೆ ಇದು ಸಣ್ಣ ಸಂಗತಿಯಲ್ಲ ಎಂದು ಗೊತ್ತಾಗುತ್ತದೆ. 2025ರಲ್ಲಿ ಸುಮಾರು 22 ಲಕ್ಷ ಮಂದಿ ಪರೀಕ್ಷೆ ಬರೆದು 12.36 ಲಕ್ಷ ಮಂದಿ ಅರ್ಹರಾದರು. ಅತಿ ಹೆಚ್ಚು ಅಂಕ 686. ಹಿಂದುಳಿದ ವರ್ಗ ಹಾಗೂ ಪರಿಶಿಷ್ಟರ ಕೊನೆಯ ಗೆರೆ 113. ಈ ಎರಡರ ನಡುವೆ ಇರುವುದು 574 ಅಂಕಗಳ ಮೆಟ್ಟಿಲು. ಭಾಗಿಸಿದರೆ ಒಂದೊಂದು ಮೆಟ್ಟಿಲಿನ ಮೇಲೆ ಸರಾಸರಿ ಎರಡು ಸಾವಿರಕ್ಕೂ ಹೆಚ್ಚು ವಿದ್ಯಾರ್ಥಿಗಳು! ಮೇಲಿನ ಮೆಟ್ಟಿಲುಗಳಲ್ಲಿ ಬೆರಳೆಣಿಕೆಯವರು ಇರುವುದರಿಂದ ಕೆಳಗೆ ಬಂದಂತೆ ಸಾಲು ಇನ್ನೂ ಉದ್ದವಾಗುತ್ತದೆ. ರಾಜ್ಯದ ರ‍್ಯಾಂಕ್ ಪಟ್ಟಿಗೆ ಬರುವಾಗ ಈ ಅಂತರ ಕಿರಿದಾಗುವುದು ನಿಜ. ಆದರೂ ದಂತವೈದ್ಯಕೀಯ ಸೀಟುಗಳು ಕೈಬದಲಾಗುವುದು ಈ ಕಿಕ್ಕಿರಿದ ಮೆಟ್ಟಿಲುಗಳಲ್ಲೇ.

ಹಾಗಾದರೆ ಭೌತಶಾಸ್ತ್ರದ 22 ಚಿಂತೆಯ ವಿಷಯವೇ ಅಲ್ಲವೇ? ಚಿಂತೆಯ ವಿಷಯವೇ. ಆದರೆ ಅದು ಅಡ್ಡಬರುವ ಜಾಗ ಬೇರೆ. ಬಿ.ಡಿ.ಎಸ್. ಸೇರಬೇಕಾದರೆ ದ್ವಿತೀಯ ಪಿ.ಯು.ಸಿ.ಯಲ್ಲಿ ಭೌತ, ರಸಾಯನ, ಜೀವಶಾಸ್ತ್ರ ಮತ್ತು ಇಂಗ್ಲಿಷ್ ಪ್ರತ್ಯೇಕವಾಗಿ ಪಾಸಾಗಬೇಕು. ಮೂರು ವಿಜ್ಞಾನ ವಿಷಯಗಳು ಸೇರಿ ಸಾಮಾನ್ಯ ವರ್ಗಕ್ಕೆ ಶೇಕಡಾ 50, ಮೀಸಲು ವರ್ಗಗಳಿಗೆ ಶೇಕಡಾ 40 ಇರಬೇಕು. ನೀಟ್ ಕೋಚಿಂಗಿನ ಭರಾಟೆಯಲ್ಲಿ ಬೋರ್ಡ್ ಪರೀಕ್ಷೆಯನ್ನು ಲಘುವಾಗಿ ಕಂಡು, ಭೌತಶಾಸ್ತ್ರದಲ್ಲಿ ಎಡವಿ, ಕೈಯಲ್ಲಿ ಒಳ್ಳೆಯ ನೀಟ್ ರ‍್ಯಾಂಕ್ ಇದ್ದೂ ಬಾಗಿಲಲ್ಲೇ ನಿಂತವರನ್ನು ನಾವು ಕಂಡಿದ್ದೇವೆ. ಕರ್ನಾಟಕದಲ್ಲಿ 2024ರಲ್ಲಿ ದ್ವಿತೀಯ ಪಿ.ಯು.ಸಿ.ಗೆ ಒಂದೇ ವರ್ಷದಲ್ಲಿ ಮೂರು ಪರೀಕ್ಷೆಗಳ ಅವಕಾಶ ಬಂದಾಗ ಈ ತೊಂದರೆ ಸ್ವಲ್ಪ ಹಗುರವಾಯಿತು. ಎಂಜಿನಿಯರಿಂಗ್ ಸೀಟಿಗೆ ಪಿ.ಯು.ಸಿ. ಅಂಕಗಳೂ ಅರ್ಧ ಲೆಕ್ಕಕ್ಕೆ ಬರುತ್ತವೆ, ದಂತವೈದ್ಯಕೀಯಕ್ಕೆ ಬರುವುದಿಲ್ಲ. ಹಾಗೆಂದು ಪಿ.ಯು.ಸಿ. ಬೇಡವೆಂದಲ್ಲ. ಅದು ಹೊಸ್ತಿಲು, ದಾಟದೆ ಒಳಗೆ ಹೋಗಲಾಗದು.

ಇನ್ನು ಪರ್ಸೆಂಟೈಲ್ ಎಂಬ ಶಬ್ದ. ಅರ್ಹತೆಗೆ ಸಾಮಾನ್ಯ ವರ್ಗದವರಿಗೆ 50 ಪರ್ಸೆಂಟೈಲ್ ಬೇಕು ಎಂದಾಗ ಎಷ್ಟೋ ಹೆತ್ತವರು 720ರಲ್ಲಿ 360 ಬೇಕೆಂದು ತಿಳಿಯುತ್ತಾರೆ. 50 ಪರ್ಸೆಂಟೈಲ್ ಎಂದರೆ ಪರೀಕ್ಷೆ ಬರೆದವರಲ್ಲಿ ಅರ್ಧದಷ್ಟು ಮಂದಿಗಿಂತ ಮೇಲಿರುವುದು. 2025ರಲ್ಲಿ ಅದಕ್ಕೆ ಬೇಕಾಗಿದ್ದದ್ದು 144 ಅಂಕ, ಅಂದರೆ ಶೇಕಡಾ 20. 2024ರಲ್ಲಿ ಪರಿಷ್ಕೃತ ಫಲಿತಾಂಶದಂತೆ 162, 2023ರಲ್ಲಿ 137, 2022ರಲ್ಲಿ 117. ಮಕ್ಕಳು ಒಂದು ವರ್ಷ ಬುದ್ಧಿವಂತರಾಗಿ ಇನ್ನೊಂದು ವರ್ಷ ದಡ್ಡರಾದರೆಂದು ಇದರ ಅರ್ಥವಲ್ಲ. ಪ್ರಶ್ನೆಪತ್ರಿಕೆ ಬಿಗಿಯಾದಾಗ ಗೆರೆ ಇಳಿಯುತ್ತದೆ, ಸಡಿಲವಾದಾಗ ಏರುತ್ತದೆ.

ಮೇಲಿನ ಅಂಕಗಳಲ್ಲಂತೂ ಈ ಏರಿಳಿತ ದಂಗುಬಡಿಸುವಂಥದ್ದು. 2024ರಲ್ಲಿ 600 ಅಂಕ ಪಡೆದವರ ರ‍್ಯಾಂಕ್ ಸುಮಾರು 80 ಸಾವಿರದ ಆಸುಪಾಸಿನಲ್ಲಿತ್ತು. ಮರುವರ್ಷ, 2025ರಲ್ಲಿ, 600ಕ್ಕಿಂತ ಹೆಚ್ಚು ಪಡೆದವರು ಇಡೀ ದೇಶದಲ್ಲಿ ಸಾವಿರದ ಮುನ್ನೂರ ಚಿಲ್ಲರೆ ಮಂದಿ ಮಾತ್ರ. ಅಂಕ ಅದೇ, ಜಾಗ ಎಲ್ಲಿಂದ ಎಲ್ಲಿಗೋ! 2024ರ ಅಂಕ ಹಿಡಿದು 2025ರ ಮಗುವಿನ ಭವಿಷ್ಯ ನುಡಿದವರು ಎಷ್ಟು ಮನೆಗಳಲ್ಲಿ ಕಣ್ಣೀರು ತರಿಸಿದರೋ ಏನೋ. 2025ರ ಪತ್ರಿಕೆಯಲ್ಲಿ ಭೌತಶಾಸ್ತ್ರದ ಭಾಗ ಅತಿ ಕಠಿಣವಾಗಿತ್ತೆಂದು ವಿದ್ಯಾರ್ಥಿಗಳೂ ಉಪನ್ಯಾಸಕರೂ ಆಗಲೇ ಹೇಳಿದ್ದರು. ಎಲ್ಲರಿಗೂ ಭೌತಶಾಸ್ತ್ರ ಕಡಿಮೆಯಾದ ವರ್ಷದಲ್ಲಿ 22 ಎಂಬುದು ಹಿಂದಿನ ವರ್ಷದ 22 ಅಲ್ಲ. ಇದಕ್ಕೇ ನಾವು ಹೇಳುವುದು: ನೆರೆಮನೆಯವರ ಅಂಕ ಕೇಳಬೇಡಿ, ರ‍್ಯಾಂಕ್ ಕೇಳಿ. ಕರ್ನಾಟಕ ಪರೀಕ್ಷಾ ಪ್ರಾಧಿಕಾರವು ಯಾವ ಕಾಲೇಜಿನಲ್ಲಿ, ಯಾವ ವರ್ಗಕ್ಕೆ, ಯಾವ ಸುತ್ತಿನಲ್ಲಿ ಕೊನೆಯ ಸೀಟು ಎಷ್ಟನೇ ರ‍್ಯಾಂಕಿಗೆ ಹೋಯಿತು ಎಂಬ ಪಟ್ಟಿಯನ್ನು ಪ್ರಕಟಿಸುತ್ತದೆ. ಹಿಂದಿನ ಎರಡು ಮೂರು ವರ್ಷದ ಪಟ್ಟಿ ತೆಗೆದು ನಿಮ್ಮ ಮಗುವಿನ ರ‍್ಯಾಂಕನ್ನು ಅದರ ಪಕ್ಕದಲ್ಲಿಟ್ಟು ನೋಡಿದರೆ ಅರ್ಧ ಗೊಂದಲ ಅಲ್ಲೇ ಪರಿಹಾರವಾಗುತ್ತದೆ.

ಆ ಪಟ್ಟಿ ನೋಡುವಾಗ ಒಂದು ಮಾತು ನೆನಪಿರಲಿ. ಮೊದಲ ಸುತ್ತಿನ ಕೊನೆಯ ರ‍್ಯಾಂಕ್ ಮಾತ್ರ ನೋಡಿ ಕೈಚೆಲ್ಲಬಾರದು. ದಂತವೈದ್ಯಕೀಯ ಸೀಟು ಹಿಡಿದವರಲ್ಲಿ ಬಹುಪಾಲು ಮಂದಿಯ ಕಣ್ಣು ಎಂ.ಬಿ.ಬಿ.ಎಸ್. ಮೇಲೆ ಇರುತ್ತದೆ. ಎರಡನೇ, ಮೂರನೇ ಸುತ್ತಿನಲ್ಲಿ ಅವರಿಗೆ ಎಲ್ಲಿಯಾದರೂ ಎಂ.ಬಿ.ಬಿ.ಎಸ್. ಸಿಕ್ಕಿದರೆ ಹಿಡಿದಿದ್ದ ಬಿ.ಡಿ.ಎಸ್. ಬಿಡುತ್ತಾರೆ, ಅದು ಕೆಳಗಿನವರಿಗೆ ಇಳಿಯುತ್ತದೆ. ಆದರೆ ಸುತ್ತುಗಳು ಮುಂದುವರಿದಂತೆ ಸಿಕ್ಕ ಸೀಟನ್ನು ಬಿಟ್ಟವರಿಗೆ ಠೇವಣಿ ಕಳೆದುಕೊಳ್ಳುವ ನಿಯಮಗಳೂ ಬಿಗಿಯಾಗುತ್ತವೆ. ಆಯಾ ವರ್ಷದ ಮಾಹಿತಿ ಪುಸ್ತಿಕೆಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದದೆ ಗುಂಡಿ ಒತ್ತಬಾರದು.

ಆಪ್ಶನ್ ಎಂಟ್ರಿಯಲ್ಲಿ ನಮ್ಮವರು ಮಾಡುವ ತಪ್ಪೊಂದಿದೆ. "ಅದು ಸಿಗಲಿಕ್ಕಿಲ್ಲ" ಎಂದು ತಮಗೆ ನಿಜವಾಗಿ ಬೇಕಾದ ಕಾಲೇಜನ್ನು ಕೆಳಗೆ ಹಾಕಿ, ಸಿಗಬಹುದೆಂದು ಅನ್ನಿಸಿದ್ದನ್ನು ಮೇಲೆ ಹಾಕುತ್ತಾರೆ. ಕಂಪ್ಯೂಟರ್ ಮೊದಲು ರ‍್ಯಾಂಕ್ ನೋಡುತ್ತದೆ, ಆಮೇಲೆ ಆ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿನಿಂದ ಕೆಳಗೆ ನೋಡುತ್ತದೆ. ಸಿಗದ ಕಾಲೇಜನ್ನು ಮೊದಲು ಬರೆದದ್ದರಿಂದ ಏನೂ ನಷ್ಟವಿಲ್ಲ. ಸಿಗಬಹುದಾಗಿದ್ದ ಒಳ್ಳೆಯ ಕಾಲೇಜನ್ನು ಕೆಳಗೆ ಬರೆದರೆ ಮಾತ್ರ ಅದು ಹೋದಂತೆಯೇ.

ನಮ್ಮ ಕರಾವಳಿಯ ಪರಿಸ್ಥಿತಿಗೆ ಬರೋಣ. ದಂತವೈದ್ಯಕೀಯ ಶಿಕ್ಷಣಕ್ಕೆ ಈ ಭಾಗ ದೇಶದಲ್ಲೇ ಹೆಸರಾದದ್ದು. ಮಣಿಪಾಲದ ಕಾಲೇಜು 1965ರಲ್ಲಿ ಆರಂಭವಾಯಿತು. ದೇರಳಕಟ್ಟೆಯ ಎ.ಬಿ. ಶೆಟ್ಟಿ ಸಂಸ್ಥೆ 1985ರದ್ದು, ಮಂಗಳೂರಿನ ಮಣಿಪಾಲ ದಂತ ಕಾಲೇಜು 1987ರದ್ದು, ಯೇನೆಪೋಯ 1992ರದ್ದು. ಆದರೆ ಇವು ಡೀಮ್ಡ್ ವಿಶ್ವವಿದ್ಯಾಲಯಗಳ ಕಾಲೇಜುಗಳು. ಇವುಗಳ ಬಹುಪಾಲು ಸೀಟುಗಳು ದೆಹಲಿಯ ಎಂ.ಸಿ.ಸಿ. ಕೌನ್ಸೆಲಿಂಗ್ ಮೂಲಕ ಅಖಿಲ ಭಾರತ ರ‍್ಯಾಂಕಿನ ಮೇಲೆ ಹೋಗುತ್ತವೆ. ಅಲ್ಲಿ ನಮ್ಮ ರಾಜ್ಯದ ಮೀಸಲಾತಿ ನಡೆಯುವುದಿಲ್ಲ, ಶುಲ್ಕವೂ ಮಧ್ಯಮ ವರ್ಗದ ಕೈಗೆಟಕುವಂಥದ್ದಲ್ಲ. ಸರ್ಕಾರಿ ದಂತ ಕಾಲೇಜು ಬೇಕೆಂದರೆ ಬೆಂಗಳೂರಿಗೋ ಬಳ್ಳಾರಿಗೋ ಹೋಗಬೇಕು, ಕರಾವಳಿಯಲ್ಲಿ ಒಂದೂ ಇಲ್ಲ. ಮನೆಯ ಗೇಟಿನಿಂದ ಕಾಲೇಜಿನ ಬಸ್ಸು ಕಾಣುತ್ತಿರುತ್ತದೆ, ಮಗ ಮಾತ್ರ ಘಟ್ಟ ಹತ್ತಬೇಕು. ಕಡಿಮೆ ಶುಲ್ಕದ ಸೀಟು ಬೇಕಾದವರು ಘಟ್ಟದ ಮೇಲಿನ ಕಾಲೇಜುಗಳನ್ನು ಪಟ್ಟಿಯಿಂದ ಬಿಟ್ಟುಬಿಡಬಾರದು. ಮಂಗಳೂರು ಬಿಟ್ಟು ಕಳುಹಿಸುವುದಿಲ್ಲ ಎಂಬ ಹಟಕ್ಕೆ ಬೆಲೆ ತೆತ್ತವರಿದ್ದಾರೆ.

ಅಂಕ ಹೆಚ್ಚಿಸಲು ಆಗದವರೂ ಹೆಚ್ಚಿಸಿಕೊಳ್ಳಬಹುದಾದದ್ದು ಒಂದಿದೆ: ಕಾಗದಪತ್ರ. ಕರ್ನಾಟಕದಲ್ಲಿ ಕ್ರೈಸ್ತರು ಹಿಂದುಳಿದ ವರ್ಗಗಳ ಪ್ರವರ್ಗ 3ಬಿ ಪಟ್ಟಿಯಲ್ಲಿ ಬರುತ್ತಾರೆ; ಆದಾಯ ಮಿತಿಯೊಳಗಿನ ಕುಟುಂಬಗಳಿಗೆ ತಹಶೀಲ್ದಾರರ ಪ್ರಮಾಣಪತ್ರ ಸಿಗುತ್ತದೆ. ಈ ಪ್ರಮಾಣಪತ್ರ ಇದ್ದವರಿಗೆ ರಾಜ್ಯದ ಸೀಟುಗಳಲ್ಲಿ ನೀಟ್ ಅರ್ಹತೆಯ ಗೆರೆಯೂ 50ರ ಬದಲು 40 ಪರ್ಸೆಂಟೈಲ್. ಒಂದರಿಂದ ಹತ್ತನೇ ತರಗತಿವರೆಗೆ ಗ್ರಾಮೀಣ ಪ್ರದೇಶದಲ್ಲಿ ಓದಿದವರಿಗೆ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಕನ್ನಡ ಮಾಧ್ಯಮ ಮೀಸಲಾತಿ. ನಮ್ಮ ಇಗರ್ಜಿಯ ಪಕ್ಕದ ಹಳೆಯ ಕನ್ನಡ ಶಾಲೆಗಳಲ್ಲಿ ಓದಿ, ಇದಕ್ಕೆ ಪೂರ್ಣ ಅರ್ಹರಾಗಿಯೂ, ಕ್ಷೇತ್ರ ಶಿಕ್ಷಣಾಧಿಕಾರಿಯ ಸಹಿ ಹಾಕಿಸದೆ ಸಾಮಾನ್ಯ ವರ್ಗದಲ್ಲಿ ಸ್ಪರ್ಧಿಸಿದ ಮಕ್ಕಳನ್ನು ನೋಡಿ ನಮಗೆ ಬೇಸರವಾಗಿದೆ. ಗುರ್ಕಾರರೂ ಪಾಲನಾ ಮಂಡಳಿಯ ಶಿಕ್ಷಣ ಆಯೋಗದವರೂ ಮಾರ್ಚ್ ತಿಂಗಳಲ್ಲೇ ಮನೆಮನೆಗೆ ಇದನ್ನು ತಿಳಿಸಿದರೆ ಫಲಿತಾಂಶದ ನಂತರದ ಹತ್ತು ಸನ್ಮಾನಗಳಿಗಿಂತ ಹೆಚ್ಚು ಉಪಕಾರವಾದೀತು. ಶುಲ್ಕಕ್ಕೆ ಸಾಲ ಬೇಕಾದವರು ಬ್ಯಾಂಕಿಗೆ ಹೋಗುವ ಮೊದಲು ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಯೋಜನೆಯನ್ನೂ ವಿಚಾರಿಸಲಿ.

ಈಗ ಆ ಲೆಟರ್ ವಿಷಯ. ಧರ್ಮಗುರುವಿನ ಪತ್ರದಿಂದ ಸೀಟು ಸಿಗುವ ಕಾಲವೊಂದು ಇದ್ದಿತೆಂದು ಹಿರಿಯರು ಹೇಳುತ್ತಾರೆ. ಇದ್ದರೂ ಆ ಕಾಲ ಮುಗಿದಿದೆ. ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿನ ಬಗ್ಗೆ 2002ರಲ್ಲಿ ಸುಪ್ರೀಂ ಕೋರ್ಟಿನ ಹನ್ನೊಂದು ನ್ಯಾಯಮೂರ್ತಿಗಳ ಪೀಠ ಕೊಟ್ಟ ಪ್ರಸಿದ್ಧ ತೀರ್ಪಿಗೆ ನಮ್ಮ ಮಣಿಪಾಲದ ಟಿ.ಎಂ.ಎ. ಪೈ ಪ್ರತಿಷ್ಠಾನದ ಹೆಸರೇ ಇದೆ. 2005ರಲ್ಲಿ ಇನಾಮದಾರ್ ತೀರ್ಪು ಬಂತು. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನ ಮೊಕದ್ದಮೆಯಲ್ಲಿ 2020ರ ಏಪ್ರಿಲ್ 29ರಂದು ಸುಪ್ರೀಂ ಕೋರ್ಟ್, ನೀಟ್ ಕಡ್ಡಾಯ ಮಾಡುವುದರಿಂದ ಅಲ್ಪಸಂಖ್ಯಾತ ಸಂಸ್ಥೆಗಳ ಹಕ್ಕಿಗೆ ಚ್ಯುತಿಯಿಲ್ಲ ಎಂದು ಹೇಳಿ ವಿಷಯವನ್ನು ಮುಗಿಸಿತು. ಕೆಲವು ಕಾಲೇಜುಗಳಲ್ಲಿ ಧಾರ್ಮಿಕ ಅಥವಾ ಭಾಷಾ ಅಲ್ಪಸಂಖ್ಯಾತರಿಗೆ ಮೀಸಲು ಸೀಟುಗಳಿವೆ, ಆದರೆ ಅವೂ ನೀಟ್ ರ‍್ಯಾಂಕಿನ ಕ್ರಮದಲ್ಲೇ ಹೋಗುತ್ತವೆ. ಮ್ಯಾನೇಜ್‌ಮೆಂಟ್ ಸೀಟು, ಎನ್.ಆರ್.ಐ. ಸೀಟು ಕೂಡ ಕೌನ್ಸೆಲಿಂಗ್ ಮೂಲಕವೇ. ಹೊರಗೆ ನಿಂತು "ಸೀಟು ಮಾಡಿಸಿ ಕೊಡುತ್ತೇನೆ" ಎನ್ನುವ ದಲ್ಲಾಳಿಯ ಬಳಿ ಮಾರಲು ಏನೂ ಇಲ್ಲ. ನಿಮ್ಮ ರ‍್ಯಾಂಕಿಗೆ ತಾನಾಗಿ ಬರುವ ಸೀಟನ್ನೇ ನಿಮಗೆ ತೋರಿಸಿ ಅವನು ಮುಂಗಡ ಕೇಳುತ್ತಾನೆ, ಅಷ್ಟೇ.

ಶಿಫಾರಸು ಪತ್ರ ನಿಜವಾಗಿ ಕೆಲಸಕ್ಕೆ ಬರುವ ದೇಶವೂ ಒಂದಿದೆ. ಅಮೆರಿಕದಲ್ಲಿ ನೆಲೆಸಿರುವ ನಮ್ಮವರ ಮಕ್ಕಳು ಬರೆಯುವ ಡಿ.ಎ.ಟಿ. ಪರೀಕ್ಷೆಯಲ್ಲಿ ಒಂದೊಂದು ವಿಭಾಗಕ್ಕೂ ಬೇರೆ ಅಂಕ ಬರುತ್ತದೆ. 2025ರ ಮಾರ್ಚ್‌ನಿಂದ ಅದು 200ರಿಂದ 600ರ ಅಳತೆಯಲ್ಲಿದೆ, ಹಿಂದೆ 1ರಿಂದ 30 ಇತ್ತು. ಅಲ್ಲಿಯ ಕಾಲೇಜುಗಳ ಆಯ್ಕೆ ಸಮಿತಿ ವಿಭಾಗವಾರು ಅಂಕ, ಪದವಿಯ ಅಂಕ, ದಂತವೈದ್ಯರ ಬಳಿ ಕಳೆದ ಗಂಟೆಗಳು, ಶಿಫಾರಸು ಪತ್ರ, ಸಂದರ್ಶನ ಎಲ್ಲವನ್ನೂ ನೋಡುತ್ತದೆ. ಒಂದು ವಿಭಾಗ ಬಿದ್ದರೆ ಅದು ಸಮಿತಿಯ ಕಣ್ಣಿಗೆ ಬೀಳುತ್ತದೆ, ವಿವರಣೆಗೆ ಅವಕಾಶವೂ ಇರುತ್ತದೆ. ವಿದೇಶದ ನೆಂಟರು ಫೋನಿನಲ್ಲಿ ಹೇಳುವ ಬುದ್ಧಿಮಾತು ಆ ಪದ್ಧತಿಗೆ ಸರಿ. ಇಲ್ಲಿಗೆ ಅನ್ವಯಿಸಿದರೆ ಆ ತಾಯಿಯಂತೆ ವೃಥಾ ಹೆದರಬೇಕಾಗುತ್ತದೆ.

ಆ ಪರೀಕ್ಷೆಯಲ್ಲಿ ಆಕಾರ, ಕೋನ, ಮಡಿಕೆಗಳನ್ನು ಕಣ್ಣಂದಾಜಿನಿಂದ ಗುರುತಿಸುವ ಒಂದು ವಿಭಾಗವೇ ಇದೆ. ಕೆನಡಾದಲ್ಲಿ ಕೆಲವು ವರ್ಷಗಳ ಹಿಂದಿನವರೆಗೂ ಸಾಬೂನಿನ ತುಂಡನ್ನು ಕೊರೆಯುವ ಪರೀಕ್ಷೆಯಿತ್ತು. ದಂತವೈದ್ಯನ ವಿದ್ಯೆ ಅರ್ಧ ಕೈಯಲ್ಲಿರುತ್ತದೆ ಎಂಬ ತಿಳಿವಳಿಕೆ ಅದರ ಹಿಂದಿದೆ. ನಮ್ಮ ನೀಟ್ ಮಗುವಿನ ಕೈಯನ್ನು ನೋಡುವುದೇ ಇಲ್ಲ, ವೃತ್ತ ತುಂಬಿಸುವುದಕ್ಕೆ ಬೇಕಾದಷ್ಟನ್ನು ಬಿಟ್ಟು. 22 ಲಕ್ಷ ಮಂದಿಗೆ ಕೈ ಪರೀಕ್ಷೆ ಮಾಡಲಾಗದು, ಒಪ್ಪೋಣ. ಆದರೆ ಮಗುವಿಗೆ ಈ ಕೆಲಸದಲ್ಲಿ ಮನಸ್ಸಿದೆಯೇ, ಗಂಟೆಗಟ್ಟಲೆ ಬಗ್ಗಿ ನಾಜೂಕಿನ ಕೆಲಸ ಮಾಡುವ ತಾಳ್ಮೆಯಿದೆಯೇ ಎಂದು ಮನೆಯವರಾದರೂ ಕೇಳಬಹುದಲ್ಲವೇ? ಎಂ.ಬಿ.ಬಿ.ಎಸ್. ಸಿಗಲಿಲ್ಲವೆಂಬ ಒಂದೇ ಕಾರಣಕ್ಕೆ ಬಿ.ಡಿ.ಎಸ್. ಸೇರಿದವರ ಮುಖ ಎರಡನೇ ವರ್ಷಕ್ಕೇ ಹೇಳುತ್ತದೆ.

ಸೀಟು ಸಿಗುವುದು ಕಷ್ಟವೇ? ನಮ್ಮ ಅಭಿಪ್ರಾಯದಲ್ಲಿ ಬಿ.ಡಿ.ಎಸ್. ಸೀಟು ಸಿಗುವುದಕ್ಕಿಂತ ಸಾಲವಿಲ್ಲದ ಸೀಟು ಸಿಗುವುದು ಕಷ್ಟ. 2020-21ರಲ್ಲಿ ದೇಶದಲ್ಲಿ ಸುಮಾರು 7,000 ಬಿ.ಡಿ.ಎಸ್. ಸೀಟುಗಳು ಖಾಲಿ ಉಳಿದಿದ್ದವು. ಅವುಗಳಲ್ಲಿ ಸರ್ಕಾರಿ ಕಾಲೇಜುಗಳವು 265 ಮಾತ್ರ. ಹಿಂದಿನ ವರ್ಷದಂತೆ ಅರ್ಹತೆಯ ಗೆರೆ ಇಳಿಸಬೇಕೆಂಬ ಬೇಡಿಕೆಯನ್ನು, ದೇಶದಲ್ಲಿ ದಂತವೈದ್ಯರ ಕೊರತೆಯಿಲ್ಲ ಎಂಬ ಕಾರಣವನ್ನೂ ಮುಂದಿಟ್ಟು, ಕೇಂದ್ರ ಸರ್ಕಾರ ನಿರಾಕರಿಸಿತ್ತು. 2021ರ ಫೆಬ್ರವರಿ 8ರಂದು ಸುಪ್ರೀಂ ಕೋರ್ಟ್ ಆ ತೀರ್ಮಾನವನ್ನು ರದ್ದುಪಡಿಸಿ ಗೆರೆಯನ್ನು 10 ಪರ್ಸೆಂಟೈಲ್ ಇಳಿಸಿತು. ಜತೆಗೆ ಖಾಸಗಿ ಕಾಲೇಜುಗಳು ಶುಲ್ಕ ಕಡಿಮೆ ಮಾಡುವುದನ್ನು ಯೋಚಿಸಬೇಕೆಂದೂ ಹೇಳಿತು. ಆ ಮಾತು ಎಷ್ಟು ಕಿವಿಗಳನ್ನು ತಲುಪಿತೋ ದೇವರೇ ಬಲ್ಲ.

ಆದರೆ ಗೆರೆ ಇಳಿದೀತೆಂದು ನಂಬಿ ಗೆರೆಯ ಕೆಳಗಿನ ಮಗುವಿಗೆ ಮುಂಚಿತವಾಗಿ ಹಣ ಕಟ್ಟುವವರು ರಾಜಸ್ಥಾನದ ಪ್ರಕರಣ ತಿಳಿದಿರಬೇಕು. ಅಲ್ಲಿ 2016-17ರಲ್ಲಿ ರಾಜ್ಯ ಸರ್ಕಾರ ಅಧಿಕಾರವಿಲ್ಲದೆ ಮೊದಲು 10, ಮತ್ತೆ 5 ಪರ್ಸೆಂಟೈಲ್ ಇಳಿಸಿತು. ಕೆಲವು ಕಾಲೇಜುಗಳು ಅದಕ್ಕಿಂತಲೂ ಕೆಳಗಿಳಿದು ಸೇರಿಸಿಕೊಂಡವು. ಮಕ್ಕಳು ಓದಿದರು, ಪದವಿ ಮುಗಿಸಿದರು, ಆ ಪದವಿ ಊರ್ಜಿತವೋ ಅಲ್ಲವೋ ಎಂದು ವರ್ಷಗಟ್ಟಲೆ ಕೋರ್ಟಿನ ಮೆಟ್ಟಿಲಲ್ಲಿ ಕಾದರು. 2025ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತನ್ನ ವಿಶೇಷಾಧಿಕಾರ ಬಳಸಿ ಓದು ಮುಗಿಸಿದವರ ಪದವಿಯನ್ನು ಉಳಿಸಿಕೊಟ್ಟಿತು, ಕಾಲೇಜುಗಳಿಗೆ ತಲಾ 10 ಕೋಟಿ ರೂಪಾಯಿ ದಂಡ ಹಾಕಿತು. ಒಂಬತ್ತು ವರ್ಷದ ಆತಂಕಕ್ಕೆ ದಂಡ ಕಟ್ಟುವವರು ಯಾರು?

ಇನ್ನೊಂದು ವರ್ಷ ಕುಳಿತು ಮತ್ತೆ ಬರೆಯುವುದೇ ಎಂಬ ಪ್ರಶ್ನೆಗೂ ಈ ಏರುಪೇರೇ ಉತ್ತರ ಕೊಡಬಲ್ಲದು, ನೋಡಲು ಗೊತ್ತಿದ್ದರೆ. ಒಬ್ಬ ಹುಡುಗಿ ಭೌತಶಾಸ್ತ್ರದಲ್ಲಿ 12 ಪ್ರಶ್ನೆ ಮಾತ್ರ ಮುಟ್ಟಿ ಹನ್ನೆರಡೂ ಸರಿ ಮಾಡಿದರೆ 48. ಇನ್ನೊಬ್ಬಳು 42 ಮುಟ್ಟಿ 18 ಸರಿ, 24 ತಪ್ಪು ಮಾಡಿದರೂ 48. ಅಂಕ ಒಂದೇ, ಕಾಯಿಲೆ ಬೇರೆ. ಮೊದಲನೆಯವಳಿಗೆ ವೇಗವೂ ಧೈರ್ಯವೂ ಬೇಕು, ಎರಡನೆಯವಳಿಗೆ ಪಾಠವೇ ಗಟ್ಟಿಯಾಗಬೇಕು. ಇಬ್ಬರಿಗೂ ಒಂದೇ ಕೋಚಿಂಗಿನ ಒಂದೇ ಕಷಾಯ ಕುಡಿಸುವುದು ನಮ್ಮಲ್ಲಿ ನಡೆದುಬಂದ ಪದ್ಧತಿ. ಫಲಿತಾಂಶ ಬಂದಾಗ ಮೇಲಿನ ಹತ್ತು ಮಂದಿಯ ಬ್ಯಾನರ್ ಕಟ್ಟಿ ಉಳಿದವರನ್ನು ಮರೆಯುವುದರಲ್ಲಿ ನಮ್ಮದೇ ವಿದ್ಯಾಸಂಸ್ಥೆಗಳೂ ಹಿಂದೆ ಬಿದ್ದಿಲ್ಲ. ಮೂರೂ ವಿಷಯದಲ್ಲಿ ಮಧ್ಯಮವಾಗಿರುವವರಿಗೆ ಒಂದು ವರ್ಷದಲ್ಲಿ ಏರುವುದು ಕಷ್ಟ. ಒಂದರಲ್ಲಿ ಮಾತ್ರ ಬಿದ್ದವರಿಗೆ ಏರಲು ಜಾಗವಿದೆ. ಆದರೂ ಮಗು ಸ್ವತಃ ಕೇಳದೆ ಆ ಒಂದು ವರ್ಷವನ್ನು ಅದರ ಮೇಲೆ ಹೇರಬಾರದು.

ನಮ್ಮ ಹುಡುಗನನ್ನು ಗ್ರೊಟ್ಟೋ ಬಳಿಯಿಂದ ಕರೆದು ಕೇಳಿದೆವು. ಭೌತಶಾಸ್ತ್ರದಲ್ಲಿ 13 ಸರಿ, 30 ತಪ್ಪು ಎಂದ. 52ರಿಂದ 30 ಕಳೆದು ಉಳಿದದ್ದು 22. ಆ ಹದಿಮೂರರಲ್ಲಿ ಕೆಲವು ಊಹೆಯಿಂದಲೇ ಸರಿಯಾಗಿರಬಹುದಾದ್ದರಿಂದ ಮೂವತ್ತೂ ನಷ್ಟವೆಂದು ಹೇಳಲಾಗದು. ಆದರೂ ಗೊತ್ತಿಲ್ಲದ್ದನ್ನು ಅಷ್ಟು ಧಾರಾಳವಾಗಿ ತುಂಬಿಸಿದ್ದೇಕೆ ಎಂದಾಗ, ಏನನ್ನೂ ಖಾಲಿ ಬಿಡಬೇಡ ಎಂದು ಅಪ್ಪ ಕುವೈತಿನಿಂದ ಫೋನ್ ಮಾಡಿ ಹೇಳಿದ್ದರೆಂದ. ಮತ್ತೆ ಬರೆಯುತ್ತೀಯಾ ಎಂದು ಕೇಳಿದೆವು. ತಾಯಿಯ ಮುಖ ನೋಡಿ, ಇಲ್ಲ ಫಾದರ್, ನನಗೆ ಡೆಂಟಲ್ಲೇ ಬೇಕಾಗಿದ್ದದ್ದು ಎಂದ. ತಾಯಿಗೆ ಅದು ಹೊಸ ಸುದ್ದಿ.

ನಾವು ಲೆಟರ್ ಕೊಡಲಿಲ್ಲ. ಕೊಟ್ಟದ್ದು ಒಂದು ಪಟ್ಟಿ: 3ಬಿ ಪ್ರಮಾಣಪತ್ರ, ಗ್ರಾಮೀಣ ಪ್ರಮಾಣಪತ್ರ, ಹಿಂದಿನ ವರ್ಷಗಳ ಕೊನೆಯ ರ‍್ಯಾಂಕ್‌ಗಳು. ಘಟ್ಟದ ಮೇಲಿನ ಖಾಸಗಿ ಕಾಲೇಜೊಂದರಲ್ಲಿ ಸರ್ಕಾರಿ ಕೋಟಾದ ಸೀಟು ಕೊನೆಯ ಸುತ್ತುಗಳಲ್ಲಿ ಅವನಿಗೆ ಸಿಕ್ಕಿತು. ಕ್ರಿಸ್ಮಸ್ ರಜೆಗೆ ಬಂದಾಗ ಮೇಣದಲ್ಲಿ ಕೊರೆದ ಒಂದು ದವಡೆ ಹಲ್ಲನ್ನು ಅಂಗೈಯಲ್ಲಿಟ್ಟು ತೋರಿಸಿದ. ಎರಡನೇ ವರ್ಷದಲ್ಲಿ ದಂತ ಸಾಮಗ್ರಿಗಳ ಪಾಠ ಇದೆಯಂತೆ, ಲೋಹ ಬಿಸಿಗೆ ಎಷ್ಟು ಹಿಗ್ಗುತ್ತದೆ, ಒತ್ತಡಕ್ಕೆ ಎಷ್ಟು ಬಾಗುತ್ತದೆ ಎಂಬ ಲೆಕ್ಕವೆಲ್ಲ ಅದರಲ್ಲಿ ಬರುತ್ತದಂತೆ. "ಫಿಸಿಕ್ಸ್ ಅಲ್ಲಿಯೂ ಬಿಡುವುದಿಲ್ಲ ಫಾದರ್" ಎಂದು ನಕ್ಕ.